ಕಡೆಯ ಗಾಡಿ ಬಂತೇ?

ವಿಕ್ರೋಳಿ
ಭಾನುವಾರ, 3-10-1971, ರಾತ್ರಿ

ಪೂಜ್ಯ ಪಂಕಜಕ್ಕನವರಿಗೆ ಸುಮಿತ್ರಾ ಮಾಡುವ ನಮಸ್ಕಾರಗಳು.

ಹನ್ನೊಂದೂವರೆಗೆ ಟೆಲಿಫೋನಿನ ಡಯಲ್ ಕಿರ್ರನೆ ತಿರುಗಿ ವಾಪಸು ಬರುವ ಸದ್ದಿಗೆ ಎಚ್ಚರವಾಯಿತು. ಪುಟ್ಟಿ ಹುಟ್ಟಿದಾಗಿನಿಂದ ನನಗೆ ನಿದ್ದೆ ಎಂಬುದು ಅಷ್ಟಕ್ಕಷ್ಟೆ, ಸೊಳ್ಳೆ ಹಾರಿದರೂ ಎದ್ದು ಕೂರುತ್ತೇನೆ. ಪಕ್ಕದಲ್ಲಿ ನಿಮ್ಮ ತಮ್ಮ ಇರಲಿಲ್ಲ. ಹಾಲಿನಲ್ಲಿ ದೀಪ ಹಾಕದೆ, ಗೋಡೆಗೆ ಮುಖ ಮಾಡಿ ನಿಂತು, ಇಂಗ್ಲಿಷಿನಲ್ಲಿ ಪಿಸುಗುಟ್ಟುತ್ತಿದ್ದರು. "ನೋ ಸರ್, ನೋ ಟೆಲಿಫೋನ್. ನಾನು ಯಾರ ಹತ್ತಿರವೂ ಮಾತಾಡಿಲ್ಲ ಸರ್." ಟೆಲಿಫೋನು ಹಿಡಿದುಕೊಂಡೇ ಟೆಲಿಫೋನು ಇರಲಿಲ್ಲ ಎಂದು ಹೇಳುವ ಮನುಷ್ಯನನ್ನು ನೀವು ನೋಡಿದ್ದೀರಾ ಅಕ್ಕಾ? ನಾನು ನೋಡಿದೆ. ಮಾತು ಮುಗಿಸಿ, ಡಯಲ್ಲಿಗೆ ಬೀಗ ಹಾಕಿ, ಕೀಲಿಯನ್ನು ಜನಿವಾರಕ್ಕೆ ಕಟ್ಟಿಕೊಂಡು ಬಂದು ಮಲಗಿದರು. ಅದಕ್ಕೇ ಫೋನು ಮಾಡದೆ ಕಾಗದ ಬರೆಯುತ್ತಿದ್ದೇನೆ. ಈ ಬಿಲ್ಡಿಂಗಿನಲ್ಲಿ ಫೋನು ಇರುವುದು ನಮ್ಮ ಮನೆಯೊಂದರಲ್ಲೇ. ಮೇಲಿನ ಮಹಡಿಯ ಭೀಮರಾಯರಿಗೆ ವಿಮಾನ ನಿಲ್ದಾಣದಲ್ಲಿ ರಾತ್ರಿ ಪಾಳಿ. ಅವರನ್ನು ಕರೆದೊಯ್ಯುವ ವ್ಯಾನು ಎರಡು ಗಂಟೆಗೆ ಬರುತ್ತದೆ. ಅಂಧೇರಿಯಲ್ಲಿ ನಿಮ್ಮ ಮನೆಯ ಮುಂದೆ ನಿಲ್ಲಿಸಿ, ಗಂಟೆ ಬಾರಿಸಿ ಇದನ್ನು ಕೈಗೇ ಕೊಡುತ್ತೇನೆಂದು ಒಪ್ಪಿದ್ದಾರೆ.

ಗೌರಿ ಹಬ್ಬಕ್ಕೆ ಕರೆದಿದ್ದಿರಿ, ನಾನು ಬರಲಿಲ್ಲ. ಯಾಕೆಂದು ತಿಳಿಸಲೂ ಇಲ್ಲ. ಕ್ಷಮಿಸಿ. ಹಬ್ಬದ ದಿನ ನಮ್ಮ ಕಾರು ಬೈಕುಲ್ಲಾದ ಗ್ಯಾರೇಜಿನಲ್ಲಿ ಹೊಟ್ಟೆ ಬಗೆದುಕೊಂಡು ಬಿದ್ದಿತ್ತು, ನಿಮ್ಮ ತಮ್ಮ ಅದರ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದರು. ಆ ಹಳೇ ಫಿಯೆಟ್‌ಗೆ ಮಾಡಿದ ಸೇವೆಯಲ್ಲಿ ಕಾಲು ಭಾಗವನ್ನು ಮಗುವಿಗೆ ಮಾಡಿದ್ದರೆ ನಾನು ಈ ಮೋಟಾರ್ ಕ್ಲಬ್ಬಿನ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಆಯುಧಪೂಜೆಯ ದಿನ ನಾಲ್ಕು ಚಕ್ರದಡಿ ನಿಂಬೆಹಣ್ಣು ಇಟ್ಟವರು ನನ್ನ ಹೊಲಿಗೆ ಯಂತ್ರಕ್ಕೆ ಒಂದು ಹೂವನ್ನೂ ಏರಿಸಲಿಲ್ಲ.

ಇವತ್ತು ರೇಸು. ಕಲ್ಯಾಣದಿಂದ ಆಚೆ ಯುದ್ಧಕಾಲದಲ್ಲಿ ವಿಮಾನ ಇಳಿಯಲು ಮಾಡಿದ್ದ ಒಂದು ಹಳೇ ರನ್‌ವೇ ಇದೆ. ಅದರ ಮೇಲೆ ಎಣ್ಣೆಯ ಖಾಲಿ ಡ್ರಮ್ಮುಗಳನ್ನು ಜೋಡಿಸಿ ತಿರುವು ಮಾಡುತ್ತಾರೆ. ಓಡಿಸುವವರೆಲ್ಲ ಹವ್ಯಾಸಿಗಳು, ಡಾಕ್ಟರು, ವಕೀಲರು, ಮಲಬಾರ್ ಹಿಲ್ಲಿನ ವ್ಯಾಪಾರದವರು. ಅವರ ನಡುವೆ ಸೆಕೆಂಡ್‌ಹ್ಯಾಂಡ್ ಕಾರಿನ ನಿಮ್ಮ ತಮ್ಮ. ಅಲ್ಲಿ ಅವರು ಸತ್ಯಮೂರ್ತಿಯಲ್ಲ, 'ಸ್ಯಾಟಿ'. "ಸ್ಯಾಟಿ, ಕುರ್ಚಿ ತರಿಸು." "ಸ್ಯಾಟಿ, ನಿನ್ನ ವೈಫ್ ಮಾಡಿದ ಆ ಹಳದಿ ಅನ್ನ ಇನ್ನೂ ಇದೆಯಾ?" ಹಲ್ಲು ಕಿರಿದು ಓಡುತ್ತಾರೆ. ಕ್ಲಬ್ಬಿನ ಅಧ್ಯಕ್ಷರು ಭುಜ ತಟ್ಟಿದರೆ ಆ ಅಂಗಿಯನ್ನು ಒಗೆಯಲು ಹಾಕಲೂ ಮನಸ್ಸು ಬರುವುದಿಲ್ಲ.

ಬೆಳಿಗ್ಗೆ ಬಿಸಿಲು ಸುಡುತ್ತಿತ್ತು. ಇವರ ಸುತ್ತು ಬಿಸಿಲಲ್ಲೇ ಮುಗಿಯಿತು, ಆರು ಜನರಲ್ಲಿ ಐದನೆಯವರಾದರು. ಆಮೇಲೆ ಗುಡ್ಡದ ಕಡೆಯಿಂದ ಒಂದು ಮಳೆ ಬಂದು ಹೋಯಿತು. ಮತ್ತೆ ಬಿಸಿಲು. ನಾವಿದ್ದ ತುದಿಯಲ್ಲಿ ಸಿಮೆಂಟು ಒಣಗಿ ಬೆಳ್ಳಗಾಗಿದ್ದರೆ ಆ ತುದಿಯಲ್ಲಿ ಕಪ್ಪಗೆ ಮಳೆ ಹೊಯ್ಯುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು. "ನಿಲ್ಲಿಸೋಣ" ಎಂದು ಒಬ್ಬರು, "ಇಷ್ಟಕ್ಕೆಲ್ಲ ನಿಲ್ಲಿಸಿದರೆ ರೇಸು ಯಾಕೆ, ಬೊಂಬೆಯಾಟ ಆಡಿ" ಎಂದು ಇನ್ನೊಬ್ಬರು. ಜಗಳವಾಡುತ್ತಲೇ ಮುಂದಿನ ಸುತ್ತು ಬಿಟ್ಟರು.

ಆ ದೂರದ ತಿರುವಿನಲ್ಲಿ ಬಾವುಟ ಹಿಡಿದು ನಿಲ್ಲಬೇಕಾಗಿದ್ದ ವಕೀಲರು ಮಳೆಗೆ ಹೆದರಿ ಟೆಂಟಿಗೆ ಬಂದುಬಿಟ್ಟಿದ್ದರು. ಆಗ ನಿಮ್ಮ ತಮ್ಮ ತಾವಾಗಿ ಎದ್ದು, "ಸರ್, ನಮ್ಮ ಹುಡುಗ ಇದ್ದಾನೆ" ಎಂದು ಶರೀಫನ ಕೈಗೆ ಬಾವುಟ ಕೊಟ್ಟು ಕಳಿಸಿದರು. ಶರೀಫ ನಿಮಗೆ ಗೊತ್ತು, ನಮ್ಮ ತಾಜಬಿಯ ಮಗ, ಬೈಕುಲ್ಲಾದ ಗ್ಯಾರೇಜಿನ ಮೆಕ್ಯಾನಿಕ್. ನನ್ನ ಅಮ್ಮನಿಗೆ ಕಾಮಾಲೆಯಾಗಿ ಮೈಸೂರಿನಿಂದ ಬರಲಾಗದಿದ್ದಾಗ ಬಾಣಂತನಕ್ಕೆ ನಿಂತವಳು ತಾಜಬಿ. ನೀವು ಬಂದಾಗ ಪುಟ್ಟಿಯನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹೊಯ್ಯುತ್ತ, "ನೋಡ್ರಿ ಅಕ್ಕಾರ, ಇದರ ಮೂಗ ನಿಮ್ಮದಾ ಐತಿ, ಸಿಟ್ಟೂ ನಿಮ್ಮದಾ ಬರತೈತಿ" ಎಂದು ನಿಮ್ಮನ್ನು ನಗಿಸಿದ್ದಳಲ್ಲ, ಅವಳೇ.

ಟೆಂಟಿಗೂ ಆ ತಿರುವಿಗೂ ನಡುವೆ ಮಿಲಿಟರಿಯವರ ಹಳೇ ಟೆಲಿಫೋನೊಂದನ್ನು ಎಳೆದಿದ್ದರು, ಹಿಡಿ ತಿರುಗಿಸಿ ಮಾತಾಡುವಂಥದ್ದು. ಈ ಕಡೆ ಅದರ ಮುಂದೆ ಕೂತಿದ್ದವರು ನಿಮ್ಮ ತಮ್ಮ. ಅವರ ಹಿಂದೆಯೇ, ಸೆರಗು ಮುಚ್ಚಿಕೊಂಡು ಮಗುವಿಗೆ ಹಾಲು ಕುಡಿಸುತ್ತ ನಾನು ಕೂತಿದ್ದೆ. ಮಳೆ ನಮ್ಮ ತುದಿಗೂ ಬಂತು. ಗಾಳಿ ಎದ್ದಿತು. ಅಧ್ಯಕ್ಷರು ಛತ್ರಿಯೊಳಗಿಂದ "ಸ್ಯಾಟಿ, ರೇಸ್ ಬಂದ್ ಕರೋ!" ಎಂದು ಕೂಗಿದರು. ಅದೇ ಹೊತ್ತಿಗೆ ಆ ಕಡೆಯಿಂದ ಟೆಲಿಫೋನು ಗರ್ ಎಂದಿತು. ಗಾಳಿಗೆ ಒಂದು ಡ್ರಮ್ಮು ಉರುಳಿ ಗಾಡಿಗಳ ದಾರಿಯ ನಡುವೆ ಬಿದ್ದಿತ್ತಂತೆ. ಶರೀಫ ಎಷ್ಟು ಜೋರಾಗಿ ಕೂಗುತ್ತಿದ್ದನೆಂದರೆ ಹಿಂದೆ ಕೂತ ನನಗೂ ಕೇಳಿಸಿತು.

"ಕಡೀ ಗಾಡಿ ಬಂತೇನ್ರಿ ಸಾಹೇಬ್ರ?"

"ಬಂದ್! ಬಂದ್!" ಎಂದು ಇವರು ಕಿರುಚಿ ಫೋನು ಇಟ್ಟರು.

ಇವರು ಹೇಳಿದ್ದು ರೇಸು ಬಂದ್ ಎಂದು. ಅವನು ಕೇಳಿದ್ದು ಕನ್ನಡದಲ್ಲಿ, ಅವನ ಕಿವಿಗೆ ಬಿದ್ದದ್ದೂ ಕನ್ನಡವೇ: ಬಂತ್. ನಮ್ಮ ಮನೆಯ ಭಾಷೆಯೇ ಹೀಗಾಗಿದೆಯಲ್ಲ ಅಕ್ಕಾ. ನಲ್ಲಿ ಬಂದ್, ಅಂಗಡಿ ಬಂದ್, ಲೋಕಲ್ ಬಂದ್. ಹಾಲು ಬಂದ್ ಎಂದರೆ ಬಂತು ಅಂತಲೋ ನಿಂತಿತು ಅಂತಲೋ ಎಂದು ನೀವೇ ನಮ್ಮನ್ನು ಗೇಲಿ ಮಾಡುತ್ತಿದ್ದಿರಿ. ಕಡೆಯ ಗಾಡಿ ದಾಟಿತು ಎಂದುಕೊಂಡು ಶರೀಫ ಡ್ರಮ್ಮನ್ನು ಸರಿಸಲು ದಾರಿಗೆ ಇಳಿದ. ಕಡೆಯ ಗಾಡಿ ಇನ್ನೂ ಹಿಂದಿತ್ತು. ಅಧ್ಯಕ್ಷರ ಅಳಿಯನ ಗಾಡಿ. ಆ ನೀರಿನಲ್ಲಿ ಬ್ರೇಕು ಹಿಡಿಯಲಿಲ್ಲ. ಡ್ರಮ್ಮಿಗೂ ಗಾಡಿಗೂ ನಡುವೆ ಅವನ ಎಡಗಾಲು ಸಿಕ್ಕಿಕೊಂಡಿತು. ಮೊಣಕಾಲಿನಿಂದ ಕೆಳಗೆ ಉಳಿಯುತ್ತದೋ ಇಲ್ಲವೋ ನಾಳೆ ಹೇಳುತ್ತೇವೆ ಎಂದಿದ್ದಾರೆ ಡಾಕ್ಟರು.

ಇಷ್ಟೇ ಆಗಿದ್ದರೆ ನಾನು ಅಳುತ್ತ ಕೂರುತ್ತಿದ್ದೆ, ಇಷ್ಟು ಸಿಟ್ಟು ಬರುತ್ತಿರಲಿಲ್ಲ. ತಪ್ಪು ಯಾರಿಂದಲಾದರೂ ಆಗುತ್ತದೆ. ಆದರೆ ಶರೀಫನನ್ನು ಆಂಬ್ಯುಲೆನ್ಸಿಗೆ ಹಾಕಿ ಇನ್ನೂ ಬಾಗಿಲು ಮುಚ್ಚಿರಲಿಲ್ಲ, ಅಷ್ಟರಲ್ಲಿ ಅಧ್ಯಕ್ಷರು ನಾಲ್ಕು ಜನರನ್ನು ಛತ್ರಿಯಡಿ ಸೇರಿಸಿಕೊಂಡು ಹೊಸ ಕಥೆ ಕಟ್ಟಿದರು. ಬಾವುಟ ಹಿಡಿಯಲು ಅವನನ್ನು ಯಾರೂ ಕಳಿಸಿರಲಿಲ್ಲವಂತೆ. ಅಪ್ಪಣೆಯಿಲ್ಲದೆ ಒಳಗೆ ನುಗ್ಗಿದವನಂತೆ. ಕುಡಿದಿದ್ದನಂತೆ! ಕಾಫಿಯನ್ನೂ ಕುಡಿಯದ ಹುಡುಗ, ನಾನು ಫ್ಲಾಸ್ಕಿನಿಂದ ಬಗ್ಗಿಸಿ ಕೊಟ್ಟಾಗ "ಬ್ಯಾಡ್ರಿ ಬಾಯಾರ, ಎದಿ ಉರೀತೈತಿ" ಎಂದು ಸೋಡಾ ಕುಡಿದವನು. ಟೆಲಿಫೋನಿನ ತಂತಿಯನ್ನು ಸುತ್ತಿ ಯಾರದೋ ಕಾರಿನ ಡಿಕ್ಕಿಯಲ್ಲಿ ಹಾಕಿದ್ದನ್ನು ನಾನು ಕಣ್ಣಾರೆ ನೋಡಿದೆ.

ಕಾರಿನಲ್ಲಿ ಬರುವಾಗ ನಿಮ್ಮ ತಮ್ಮ ಹೇಳಿದರು, "ಸುಮಿ, ಯಾರಾದರೂ ಕೇಳಿದ್ರೆ ನೀನು ಟೆಂಟ್‌ನಲ್ಲಿ ಇರಲೇ ಇಲ್ಲ. ಕಾರಲ್ಲಿ ಕೂತು ಮಗೂಗೆ ಹಾಲು ಕೊಡ್ತಿದ್ದೆ. ಆಯ್ತಾ?"

"ಅವನು ಕೇಳಿದ್ದು, ನೀವು ಹೇಳಿದ್ದು, ಎರಡೂ ನನ್ನ ಕಿವೀಲಿದೆಯಲ್ಲ, ಅದನ್ನ ಎಲ್ಲಿಡಲಿ?" ಎಂದೆ.

"ನಾನು ಬಂದ್ ಅಂತ ಸರಿಯಾಗೇ ಹೇಳ್ದೆ. ಅವನು ತಪ್ಪಾಗಿ ಕೇಳಿಸ್ಕೊಂಡ್ರೆ ನಾನೇನು ಮಾಡ್ಲಿ?"

"ಹಾಗಿದ್ರೆ ಅದನ್ನೇ ಹೇಳಿ. ಅದರಲ್ಲಿ ಯಾವ ಗುನ್ಹೆ ಇದೆ? ಫೋನೇ ಇರಲಿಲ್ಲ ಅಂತ ಯಾಕೆ ಹೇಳ್ಬೇಕು?"

"ನಿನಗೆ ಗೊತ್ತಾಗೋಲ್ಲ. ಅಳಿಯನ ಮೇಲೆ ಕೇಸ್ ಬರುತ್ತೆ, ಕ್ಲಬ್ ಮುಚ್ಚುತ್ತೆ. ಪ್ರೆಸಿಡೆಂಟ್ ನನ್ನನ್ನ ಮನೇವನ ಥರ ನೋಡ್ಕೊಂಡಿದಾರೆ."

"ಮನೇವನ ಥರ ಅಲ್ಲ, ಮನೆ ಆಳಿನ ಥರ" ಎಂದೆ. ಅಕ್ಕಾ, ಮದುವೆಯಾದ ಮೇಲೆ ಅವರಿಗೆ ನಾನು ಇಷ್ಟು ಕಟುವಾಗಿ ಮಾತಾಡಿದ್ದು ಇದೇ ಮೊದಲು. ವಿಕ್ರೋಳಿಗೆ ಬಂದು ಕಾರಿನಿಂದ ಇಳಿದೆವು. ಇಲ್ಲಿ ರಸ್ತೆ ಪೂರ್ತಿ ಒಣಗಿತ್ತು, ಮಳೆಯ ಗುರುತೇ ಇರಲಿಲ್ಲ.

ನಾಳೆ ಎಂಟು ಗಂಟೆಗೆ ಅಧ್ಯಕ್ಷರ ಮನೆಗೆ ಇನ್ಸ್‌ಪೆಕ್ಟರು ಬಂದು ಇವರ ಹೇಳಿಕೆ ಬರೆದುಕೊಳ್ಳುತ್ತಾರಂತೆ. ಆರಕ್ಕೆ ಇವರನ್ನು ಕರೆದೊಯ್ಯಲು ಕಾರು ಬರುತ್ತದೆ. ಇವರು ಆ ಸುಳ್ಳನ್ನು ಹೇಳಿಬಿಟ್ಟರೆ ಶರೀಫ ಕಾಲು ಕಳೆದುಕೊಂಡವನಷ್ಟೇ ಅಲ್ಲ, ಅಪರಾಧಿಯೂ ಆಗುತ್ತಾನೆ. ಕುಡುಕ ಎಂದು ಹೆಸರಾದವನನ್ನು ಯಾವ ಗ್ಯಾರೇಜಿನವರು ಇಟ್ಟುಕೊಳ್ಳುತ್ತಾರೆ?

ನನ್ನ ಮಾತಿಗೆ ಈ ಮನೆಯಲ್ಲಿ ಎಷ್ಟು ಬೆಲೆ ಎಂದು ನಿಮಗೆ ಗೊತ್ತು. ನಿಮ್ಮ ಮಾತು ಬೇರೆ. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಅವರನ್ನು ಓದಿಸಿದವರು ನೀವು. ಈಗಲೂ ನಿಮ್ಮ ಫೋನು ಬಂದರೆ, ನೀವು ನೋಡುತ್ತಿದ್ದೀರೇನೋ ಎಂಬಂತೆ, ಕೂತವರು ಎದ್ದು ನಿಂತು ಮಾತಾಡುತ್ತಾರೆ. ಒಂದು ಸಲ ಸ್ನಾನ ಮಾಡುತ್ತಿದ್ದವರು ಸೋಪಿನ ಮೈಯಲ್ಲೇ ಬಂದು ನಿಂತಿದ್ದರು.

ಪುಟ್ಟಿಗೆ ಎರಡು ಹಲ್ಲು ಬಂದಿವೆ. ನಿಮ್ಮ ಆಶೀರ್ವಾದ ಅವಳ ಮೇಲಿರಲಿ, ನನ್ನ ಮೇಲೂ ಇರಲಿ. ಭಾವನವರಿಗೆ ನಮಸ್ಕಾರ ತಿಳಿಸಿ. ಈ ಅಪರಾತ್ರಿಯಲ್ಲಿ ಗಂಟೆ ಬಾರಿಸಿ ಅವರ ನಿದ್ದೆ ಕೆಡಿಸಿದ್ದಕ್ಕೆ ಸಿಟ್ಟಾಗಬಾರದು.

ನಿಮ್ಮ ಪ್ರೀತಿಯ
ಸುಮಿತ್ರಾ

ಮ. ಬ.: ಇದನ್ನು ಬರೆಯಬಾರದೆಂದುಕೊಂಡಿದ್ದೆ. ಲಕೋಟೆ ಅಂಟಿಸಲು ಕೈ ಬರಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ತಾಜಬಿ ಆಸ್ಪತ್ರೆಯಿಂದ ಬಂದಿದ್ದಳು. ಒಳಗೆ ಕರೆದರೂ ಬರಲಿಲ್ಲ, ಹೊಸ್ತಿಲ ಆಚೆಯೇ ನಿಂತು ಇವರನ್ನು ನೋಡಿ ಹೇಳಿದಳು, "ಸಾಹೇಬ್ರ, ಶರೀಫಗ ಎಚ್ಚರಾಗೇತ್ರಿ. ನಿಮಗ ಸಲಾಂ ಹೇಳ್ಯಾನ. ಸಾಹೇಬ್ರು ಬಂದ್ ಅಂದಿದ್ರು, ನಾನಾ ಬಂತ್ ಅಂತ ತಿಳಕೊಂಡೆ, ಅವರು ಮನಸ್ಸಿಗೆ ಹಚ್ಚಿಕೋಬಾರದು ಅಂತ ಹೇಳು ಅಂದಾನ್ರಿ." ಇವರು ತಲೆಯಾಡಿಸಿದರು. ಅವಳು ಮೆಟ್ಟಿಲು ಇಳಿದು ಹೋಗುವವರೆಗೆ ಕಾದು, ಬಾಗಿಲು ಹಾಕಿ, ನನ್ನ ಕಡೆ ತಿರುಗಿ, "ನೋಡಿದ್ಯಾ, ಅವನೇ ಒಪ್ಕೊಂಡ. ಬಚಾವ್!" ಎಂದರು. ಅಪಘಾತವಾದಾಗಿನಿಂದ ಬಿಗಿದುಕೊಂಡಿದ್ದ ಮುಖ ಸಡಿಲವಾಗಿ ನಗು ಬಂತು. ಎಲೆಯ ಮುಂದೆ ಕೂತು, ಮಜ್ಜಿಗೆಗೆ ಇನ್ನೊಮ್ಮೆ ಅನ್ನ ಹಾಕಿಸಿಕೊಂಡು ಉಂಡರು ಅಕ್ಕಾ. ಬಡಿಸಿದವಳು ನಾನು.

ಅವರು ಹೇಳದಿದ್ದರೆ ನಾನೇ ಮಗುವನ್ನು ಎತ್ತಿಕೊಂಡು ಹೋಗಿ ಇನ್ಸ್‌ಪೆಕ್ಟರಿಗೆ ಹೇಳುತ್ತೇನೆ, ಅದು ನಿಶ್ಚಯ. ಆದರೆ ನಾನು ಹೇಳಿದ ಮೇಲೆ ಆ ಮನುಷ್ಯನಿಗೆ ಮತ್ತೆ ಅನ್ನ ಬಡಿಸಲು ನನ್ನಿಂದ ಆಗುವುದಿಲ್ಲ. ಅವರ ಬಾಯಿಂದಲೇ ಬರಬೇಕು. ಅದನ್ನು ಬರಿಸಬಲ್ಲವರು ನೀವೊಬ್ಬರೇ. ಬೀಗ ಹಾಕಿದ್ದರೂ ಹೊರಗಿನಿಂದ ಬರುವ ಫೋನಿಗೆ ತಡೆಯಿಲ್ಲ. ಮಾಡಿ ಅಕ್ಕಾ, ಆರು ಗಂಟೆಗೆ ಆ ಕಾರು ಬರುವ ಮುಂಚೆ, ಬೆಳಕಾಗುವ ಮುಂಚೆ. ಎಷ್ಟು ಹೊತ್ತು ಬಾರಿಸಿದರೂ ಇಡಬೇಡಿ, ಬಾರಿಸುತ್ತಲೇ ಇರಿ. ನಾನು ಎಚ್ಚರವಾಗಿಯೇ ಇರುತ್ತೇನೆ, ಆದರೆ ಎತ್ತುವುದಿಲ್ಲ. ಅವರೇ ಎದ್ದು ಬಂದು ಎತ್ತಬೇಕು. ದಯವಿಟ್ಟು ಮಾಡಿ.