ಆರು ಹತ್ತರ ಕತ್ತಲೆ

ಬುಧವಾರ ಬೆಳಿಗ್ಗೆ
ಕರ್ಫ್ಯೂ ಶುರುವಾಗಿ ಇಪ್ಪತ್ತೊಂದನೆಯ ದಿನ

ನನ್ನ ಮುದ್ದು ಸಿಡುಕಿಗೆ,

ಮೊದಲು ಇಷ್ಟನ್ನು ಓದಿಕೊಂಡು ಒಂದು ಲೋಟ ನೀರು ಕುಡಿ. ನಿನ್ನ ಅಮ್ಮ ಬದುಕಿದ್ದಾಳೆ. ಗುಂಡುಕಲ್ಲಿನ ಹಾಗಿದ್ದಾಳೆ. ಮೂರು ಹೊತ್ತೂ ಆಫೀಸಿನ ಚಹಾ, ಬ್ರೆಡ್ಡು ತಿಂದು ಕೊಂಚ ದಪ್ಪಗೂ ಆಗಿದ್ದಾಳೆ. ಅಕ್ಷರ ಸೊಟ್ಟಪಟ್ಟ ಇದೆಯೆಂದು ಗಾಬರಿಯಾಗಬೇಡ, ಇಲ್ಲಿನ ಮೇಜಿಗೆ ಒಂದು ಕಾಲು ಗಿಡ್ಡ.

ನಿನ್ನ ಚೀಟಿ ನಿನ್ನೆ ಬಂತು. ನಮ್ಮ ಬೀದಿಗೂ ಈ ಆಫೀಸಿಗೂ ನೀರು ತರುವ ಟ್ಯಾಂಕರಿನವನಿಗೆ ಈಗಷ್ಟೇ ಪಾಸು ಕೊಟ್ಟಿದ್ದಾರೆ. ಟೋಪಿಯೊಳಗೆ ಮಡಿಸಿಟ್ಟುಕೊಂಡು ತಂದಿದ್ದ, ಬೆವರಿಗೆ ಅರ್ಧ ಅಕ್ಷರ ಕಲಸಿಹೋಗಿತ್ತು. ನಿನ್ನ ಕೂಸು ಗುಬ್ಬಿಯ ಔಷಧಿ ಚೀಟಿಯ ಹಿಂದೆ ನಾಲ್ಕೇ ಸಾಲು. ಸಂಜೆ ಆರು ಹತ್ತಕ್ಕೆ ದೀಪ ಹೋಗ್ತಾನೇ ಇಲ್ಲ ಅಮ್ಮಾ, ಇಪ್ಪತ್ತು ದಿನ ಆಯ್ತು, ನೀನು ಬದುಕಿದ್ದಿದ್ರೆ ನಮ್ಮನೆ ದೀಪ ಉರಿಯೋಕೆ ಬಿಡ್ತಿರಲಿಲ್ಲ ಅಂತ ಬರೆದಿದ್ದೀಯ. ಓದಿ ಮೊದಲು ನಗು ಬಂತು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ನಲ್ಲಿಯಲ್ಲಿ ನೀರಿರಲಿಲ್ಲ, ಹೊರಗೆ ನಿಂತಿದ್ದ ಕಾವಲಿನ ಸಿಪಾಯಿಗೆ ಎಲ್ಲ ಕೇಳಿಸಿರಬೇಕು.

ಆ ಹಳೆಯ ಲೆಕ್ಕಾಚಾರ ನೀನು ಇನ್ನೂ ಇಟ್ಟುಕೊಂಡಿದ್ದೀಯ ಎಂದು ನನಗೆ ಹೊಳೆಯಲೇ ಇಲ್ಲ ನೋಡು. ನಾನು ಈ ಕೆಲಸಕ್ಕೆ ಸೇರಿದ ವರ್ಷ, ಊರಿಗೆ ಕರೆಂಟು ಹಂಚುವವರು ತಮ್ಮ ಮನೆ ಮಾತ್ರ ಬೆಳಗಿಸಿಕೊಳ್ಳುತ್ತಾರೆ ಎಂದು ಜನ ನಮ್ಮ ಆಪರೇಟರೊಬ್ಬರ ಮನೆಗೆ ಕಲ್ಲು ತೂರಿದ್ದರು. ಆಗಿನ ದೊಡ್ಡ ಸಾಹೇಬರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಒಂದು ಕಟ್ಟಳೆ ಮಾಡಿದರು. ಪಾಳಿಗೆ ಬಂದವರು ಮೊದಲು ತಮ್ಮ ಮನೆಯಿರುವ ಭಾಗದ ಕರೆಂಟು ತೆಗೀಬೇಕು, ಆಮೇಲೆ ಊರಿನದು. ಆರಕ್ಕೆ ಪಾಳಿ ಶುರು, ಆರು ಹತ್ತಕ್ಕೆ ನಮ್ಮ ಮನೆ ಕತ್ತಲೆ. ಇಪ್ಪತ್ತಾರು ವರ್ಷ ಒಂದು ದಿನವೂ ತಪ್ಪಿಸಿದವಳಲ್ಲ.

ನಿನಗಾಗ ಆರು ವರ್ಷ. ಮಾರುಕಟ್ಟೆಯಲ್ಲಿ ಬಾಂಬು ಸಿಡಿದ ಬೇಸಿಗೆ ಅದು. ನಾನು ಚಪ್ಪಲಿ ಮೆಟ್ಟಿದರೆ ಸಾಕು, ನೀನು ಬಾಗಿಲಿಗೆ ಅಡ್ಡ ಮಲಗುತ್ತಿದ್ದೆ. ಆಗ ನನ್ನಮ್ಮ ನಿನ್ನನ್ನು ಬಲ್ಬಿನ ಕೆಳಗೆ ನಿಲ್ಲಿಸಿಕೊಂಡು, ದೀಪ ಹೋಯ್ತಾ, ಹಾಗಾದ್ರೆ ನಿಮ್ಮಮ್ಮ ತಲುಪಿದ್ಲು, ಬಾ ಊಟಕ್ಕೆ ಅನ್ನುತ್ತಿದ್ದಳಂತೆ. ಇಡೀ ಬೀದಿ ಕತ್ತಲಿಗೆ ಶಾಪ ಹಾಕುವಾಗ ನೀನೊಬ್ಬಳು ಚಪ್ಪಾಳೆ ತಟ್ಟುತ್ತಿದ್ದೆ. ಪಕ್ಕದ ಮನೆಯ ಟೈಲರಿಗೆ ಅದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಈಗ ನಿಜ ಹೇಳುತ್ತೇನೆ. ಕೇಳಿ ಸಿಡುಕಬೇಡ, ಪೂರ್ತಿ ಓದಿದ ಮೇಲೆ ಸಿಡುಕು.

ಸೇತುವೆಯ ಹತ್ತಿರ ನೌಕರರ ಬಸ್ಸಿಗೆ ಬಾಂಬು ಎಸೆದರಲ್ಲ, ನೀನು ರೇಡಿಯೋದಲ್ಲಿ ಕೇಳಿರುತ್ತೀ. ನಾನು ಅದರ ಹಿಂದಿನ ಬಸ್ಸಿನಲ್ಲಿದ್ದೆ. ಅಂದಿನಿಂದ ನಮ್ಮ ಕಂಟ್ರೋಲ್ ರೂಮಿನ ಐದು ಜನ ಇಲ್ಲೇ ಇದ್ದೇವೆ. ಹೊರಗೆ ಮರಳಿನ ಚೀಲ, ಒಳಗೆ ನಾವು. ಫೋನು ಸತ್ತಿದೆ. ಮೊದಲೆರಡು ದಿನ ನಾನು ಪಾಳಿಗೆ ಕೂರಲಿಲ್ಲ, ಬೇರೆಯವರು ಕೂತರು, ಅವರು ಅವರವರ ಮನೆಯ ಕರೆಂಟು ತೆಗೆದರು. ಮೂರನೆಯ ದಿನ ನಾನು ಕೂತೆ.

ಆ ಸಂಜೆ ಕೈಗೆ ಸಿಕ್ಕಿದ ಕರೆಂಟು ಬೇಕಾದದ್ದರ ಅರ್ಧಕ್ಕಿಂತ ಕಡಿಮೆ. ಎಣ್ಣೆ ಹೊತ್ತ ಮೂರು ಹಡಗು ಬಂದರಿನ ಹೊರಗೇ ನಿಂತಿವೆ, ಸರಕಾರದ ಹತ್ತಿರ ಇಳಿಸಿಕೊಳ್ಳುವಷ್ಟು ಡಾಲರಿಲ್ಲ. ಕ್ರೇನಿನ ಕೆಲಸಕ್ಕೆ ಹೋಗಿ ಅಲ್ಲೇ ಸಿಕ್ಕಿಕೊಂಡಿರುವ ನಿನ್ನ ಯಜಮಾನರಿಗೆ ಅವು ಕಾಣುತ್ತಿರಬಹುದು. ಬೆಟ್ಟದ ಕಡೆಯ ಕಂಬಗಳನ್ನು ಬಂದೂಕಿನವರು ಉರುಳಿಸಿದ್ದಾರೆ. ಹಡಗಿನ ಮಾತೆತ್ತಿದರೆ ಮೇಲಿನವರು ಬಂದೂಕಿನವರನ್ನು ಬೈಯುತ್ತಾರೆ, ಕಂಬದ ಮಾತೆತ್ತಿದರೆ ಹಡಗನ್ನು ಬೈಯುತ್ತಾರೆ. ಕೊನೆಗೆ ನನ್ನ ಮೇಜಿಗೆ ಬರುವುದು ಒಂದು ಹಾಳೆ. ಇಷ್ಟಿದೆ, ಹಂಚಿ. ಊರನ್ನು ಇಪ್ಪತ್ತು ತುಂಡು ಮಾಡಿ ನಂಬರು ಕೊಟ್ಟಿದ್ದೇವೆ. ಮೂರು ನಂಬರುಗಳ ಕೆಳಗೆ ಕೆಂಪು ಗೆರೆ, ಅಲ್ಲಿ ಮಂತ್ರಿಗಳ ಮನೆಗಳು, ಮುಟ್ಟುವ ಹಾಗಿಲ್ಲ. ಆ ಗೆರೆ ಕಂಡಾಗಲೆಲ್ಲ ನಾನು ಎಷ್ಟು ಕೊಂಕು ಮಾತಾಡಿದ್ದೇನೆ, ನಿನಗೆ ಗೊತ್ತಲ್ಲ.

ನಮ್ಮ ಮನೆ ಹದಿನಾಲ್ಕು. ಬೆರಳು ಸ್ವಿಚ್ಚಿನ ಮೇಲಿತ್ತು. ನಾನು ಹೊರಟ ದಿನ ಗುಬ್ಬಿಯ ಪಕ್ಕೆ ಒಳಕ್ಕೆ ಎಳೆಯುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ಉಸಿರು ಯಾವಾಗ ಕಟ್ಟತ್ತೋ ಹೇಳಕ್ಕಾಗಲ್ಲ, ಕರೆಂಟಿನ ಹಬೆ ಯಂತ್ರ ಯಾವಾಗಲೂ ತಯಾರಿರಲಿ, ಸಂಜೆ ಹೊತ್ತು ಜಾಸ್ತಿ ಹುಷಾರು ಎಂದಿದ್ದರು ವೈದ್ಯರು. ಬೇರೆ ದಿನವಾದರೆ ಎತ್ತಿಕೊಂಡು ಆಸ್ಪತ್ರೆಗೆ ಓಡಬಹುದು. ಕರ್ಫ್ಯೂವಿನಲ್ಲಿ ಎಲ್ಲಿಗೆ ಓಡುತ್ತೀ? ಎರಡು ವರ್ಷದ ಕೂಸು ಮಗಳೇ. ನಾನು ಬೆರಳು ತೆಗೆದೆ. ಪಕ್ಕದಲ್ಲಿ ಕೂತಿದ್ದ ಸೋಡಾಬುಡ್ಡಿ ಕನ್ನಡಕದ ಸಹೋದ್ಯೋಗಿ, ಅಕ್ಕಾ, ಹದಿನಾಲ್ಕು ಮರೆತುಹೋಯ್ತಾ ಎಂದ. ಮರೆತಿಲ್ಲ ಎಂದೆ.

ಒಂದೇ ದಿನ ಅಂದುಕೊಂಡಿದ್ದೆ. ಹದಿನೆಂಟು ದಿನವಾಯಿತು. ದಿನಾ ಆರು ಹತ್ತಕ್ಕೆ ಗಡಿಯಾರ ನೋಡಿ, ಈಗ ನನ್ನ ಮಗಳು ಬಲ್ಬಿನ ಕೆಳಗೆ ನಿಶ್ಚಿಂತೆಯಿಂದ ಕೂತಿದ್ದಾಳೆ ಎಂದು ಸಮಾಧಾನಪಟ್ಟುಕೊಳ್ಳುತ್ತಿದ್ದೆ. ನೀನು ಅದೇ ಬಲ್ಬನ್ನು ನೋಡಿಕೊಂಡು ನನ್ನನ್ನು ಸಾಯಿಸಿ ಅಳುತ್ತಿದ್ದೆ. ಇಬ್ಬರಲ್ಲಿ ಯಾರಿಗೆ ಹೆಚ್ಚು ಬುದ್ಧಿಯಿದೆಯೋ ನನಗಂತೂ ತಿಳಿಯದು.

ಇಷ್ಟೇ ಆಗಿದ್ದರೆ ನಕ್ಕು ಮುಗಿಸುತ್ತಿದ್ದೆ. ಆದರೆ ಒಂದು ಕಡೆ ಬಿಟ್ಟರೆ ಇನ್ನೊಂದು ಕಡೆ ತೆಗೆಯಲೇಬೇಕು, ಇಲ್ಲದಿದ್ದರೆ ಇಡೀ ಊರೇ ಕತ್ತಲಾಗುತ್ತದೆ. ಹದಿನಾಲ್ಕರಷ್ಟೇ ಕರೆಂಟು ಎಳೆಯುವುದು ಒಂಬತ್ತು, ರೈಲು ಹಳಿಯ ಆಚೆಯ ಭಾಗ. ಅವರ ಸರದಿ ಎಂಟು ಹತ್ತಕ್ಕೆ. ನಾನು ಆರು ಹತ್ತಕ್ಕೂ ಅವರದ್ದೇ ತೆಗೆದೆ. ದಿನಕ್ಕೆರಡು ಸಲ, ಹೇಳದೆ ಕೇಳದೆ.

ಸೋಮವಾರ ಬೆಳಿಗ್ಗೆ ಕರ್ಫ್ಯೂ ಒಂದು ಗಂಟೆ ಸಡಿಲಿಸಿದಾಗ ಗೇಟಿಗೆ ಒಬ್ಬ ಹೆಂಗಸು ಬಂದಳು. ನಿನ್ನ ವಯಸ್ಸೇ. ಸೊಂಟದಲ್ಲಿ ಮಗ, ಇನ್ನೊಂದು ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಹಬೆ ಯಂತ್ರ, ನಮ್ಮ ಮನೆಯಲ್ಲಿರುವ ಅದೇ ಬಿಳಿಯದು. ಸಿಪಾಯಿ ಗದರಿದರೂ ಜಗ್ಗಲಿಲ್ಲ. ನಾನು ಹೊರಗೆ ಹೋದೆ. ಜಗಳಕ್ಕೆ ಬಂದಿದ್ದರೆ ನನಗೂ ಸುಲಭವಾಗುತ್ತಿತ್ತು. ಆಕೆ ಮೆಲ್ಲಗೆ ಕೇಳಿದಳು. ನಮ್ದು ಎಂಟು ಹತ್ತಕ್ಕೆ ಅಂತ ಬೋರ್ಡಲ್ಲಿ ಬರ್ದಿದೀರ, ಅದಕ್ಕೆ ತಯಾರಿರ್ತೀನಿ, ಆರು ಹತ್ತಕ್ಕೂ ಯಾಕೆ ಹೋಗತ್ತಮ್ಮ, ಅಷ್ಟು ಹೇಳಿ ಸಾಕು ಎಂದಳು. ಭಾನುವಾರ ಸಂಜೆ ಹಬೆ ಕೊಡುತ್ತಿದ್ದಾಗಲೇ ಕರೆಂಟು ಹೋಗಿ ಹುಡುಗನ ತುಟಿ ನೀಲಿಯಾಯಿತಂತೆ. ಬಿಳಿ ಬಟ್ಟೆ ಬೀಸಿಕೊಂಡು ದವಾಖಾನೆಗೆ ಓಡಿದ್ದಾಳೆ. ಮಗು ಉಳಿದಿದೆ. ನನ್ನೆದುರಿಗೇ ಬ್ರೆಡ್ಡಿನ ಚೂರು ಚೀಪುತ್ತಿತ್ತು.

ನೋಡ್ತೀನಮ್ಮಾ ಎಂದು ಹೇಳಿ ಕಳಿಸಿದೆ. ಇಪ್ಪತ್ತಾರು ವರ್ಷದಲ್ಲಿ ಅಷ್ಟು ಕೀಳು ಮಾತು ನಾನು ಇನ್ನೊಂದಾಡಿಲ್ಲ. ಕೆಂಪು ಗೆರೆಯವರಾದರೂ ಬಾಯಿಬಿಟ್ಟು ಕೇಳಿ ಪಡೆಯುತ್ತಾರೆ. ನಾನು ಯಾರಿಗೂ ತಿಳಿಯದ ಹಾಗೆ ನಮ್ಮ ಮನೆಯ ಕೆಳಗೆ ಗೆರೆ ಎಳೆದುಕೊಂಡಿದ್ದೆ.

ಆ ಸಂಜೆಯೂ ಮರುಸಂಜೆಯೂ ನನಗೆ ಧೈರ್ಯ ಬರಲಿಲ್ಲ, ಸ್ವಿಚ್ಚಿನ ಮುಂದೆ ಕೂರಲಾರೆ ಎಂದು ಕನ್ನಡಕದವನನ್ನು ಕೂರಿಸಿದೆ. ಒಂಬತ್ತನ್ನು ಮುಟ್ಟಬೇಡ ಎಂದಷ್ಟೇ ಹೇಳಿದೆ. ತನ್ನ ಮನೆಯ ಭಾಗ ತೆಗೆದು ಹದಿನಾಲ್ಕನ್ನು ಆತ ತಾನಾಗಿಯೇ ಬಿಟ್ಟ, ನನ್ನ ಮುಖ ನೋಡಿ ಬಿಟ್ಟ. ನಿನ್ನೆ ರಾತ್ರಿ ನಿನ್ನ ಚೀಟಿ ಓದಿದ ಮೇಲೆ ಎದ್ದು ಹೋಗಿ ಸಾಹೇಬರಿಗೆ ಎಲ್ಲ ಹೇಳಿದೆ, ದಿನಚರಿ ಪುಸ್ತಕದಲ್ಲಿ ಬರೆದು ಸಹಿ ಹಾಕಿದೆ. ಪಾಪ, ಅವರು ನಿದ್ದೆಯಿಲ್ಲದೆ ಹೈರಾಣಾಗಿದ್ದಾರೆ. ವಿಚಾರಣೆ ಆಮೇಲೆ ನೋಡೋಣ, ಈಗ ನಿಮ್ಮನ್ನು ಎಬ್ಬಿಸಿ ಯಾರನ್ನು ಕೂರಿಸಲಿ ಎಂದರು. ಕೆಲಸ ಉಳಿಯುತ್ತದೋ ಹೋಗುತ್ತದೋ ಕರ್ಫ್ಯೂ ಮುಗಿದ ಮೇಲೆ ತಿಳಿಯುತ್ತದೆ.

ಆದ್ದರಿಂದ ಇವತ್ತಿನಿಂದ ನಾನೇ ಕೂರುತ್ತೇನೆ. ಆರು ಹತ್ತರಿಂದ ಏಳು ಹತ್ತರವರೆಗೆ ನಮ್ಮದು. ಐದೂವರೆಗೇ ಗುಬ್ಬಿಗೆ ಹಬೆ ಕೊಟ್ಟು ಮುಗಿಸು. ಆಕೆಯನ್ನು ನೆಟ್ಟಗೆ ಕೂರಿಸಿ ಎದೆಗೊರಗಿಸಿಕೊಂಡಿರು, ಮಲಗಿಸಬೇಡ.

ಇನ್ನೊಂದು ವಿಷಯ, ಇದಕ್ಕೆ ನೀನು ಖಂಡಿತ ಬೈಯುತ್ತೀ. ಪೆಟ್ರೋಲೇ ಇಲ್ಲದ ಮೇಲೆ ಸ್ಕೂಟರಿಗೆ ಬ್ಯಾಟರಿ ಯಾಕೆ ಎಂದು ಕನ್ನಡಕದವನು ತನ್ನದನ್ನು ಬಿಚ್ಚಿ ಒಂದು ಪೆಟ್ಟಿಗೆ ಕಟ್ಟಿದ್ದಾನೆ. ಹಬೆ ಯಂತ್ರವನ್ನು ಇಪ್ಪತ್ತು ನಿಮಿಷ ಓಡಿಸುತ್ತದೆ. ಅದನ್ನು ಗುಬ್ಬಿಗೆಂದೇ ಕಟ್ಟಿದ. ಇವತ್ತು ಬೆಳಿಗ್ಗೆ ಟ್ಯಾಂಕರಿನವನ ಕೈಯಲ್ಲಿ ಅದನ್ನು ರೈಲು ಹಳಿಯ ಆಚೆ ಆ ಹುಡುಗನಿಗೆ ಕಳಿಸಿದೆ, ಈ ಕಾಗದ ಮಧ್ಯಾಹ್ನದ ಟ್ಯಾಂಕರಿನಲ್ಲಿ ನಿನಗೆ. ಇನ್ನೊಂದು ಕಟ್ಟಲು ನಾಲ್ಕು ದಿನ ಬೇಕಂತೆ. ಆ ನಾಲ್ಕು ಸಂಜೆ ಏಳು ಹತ್ತರವರೆಗೆ ಗಡಿಯಾರ ನೋಡುತ್ತಲೇ ಕೂತಿರುತ್ತೇನೆ. ಒಂದು ಮಾತು ಮಾತ್ರ. ಗುಬ್ಬಿಯ ಪಕ್ಕೆ ಎಳೆಯಲು ಶುರುವಾದರೆ ಮುಜುಗರ ಬಿಟ್ಟು ಟೈಲರನ್ನು ಕರೆ. ಅವನೂ ಬಿಳಿ ಬಟ್ಟೆ ಇಟ್ಟುಕೊಂಡಿರುತ್ತಾನೆ.

ಬೈಯುವುದಿದ್ದರೆ ಔಷಧಿ ಚೀಟಿಯ ಹಿಂದೆ ಬೇಡ, ದೊಡ್ಡ ಹಾಳೆಯಲ್ಲಿ ಬೈ. ನಿನ್ನ ಅಕ್ಷರ ನೋಡಿ ಎಷ್ಟು ದಿನವಾಗಿತ್ತು. ಗುಬ್ಬಿಯ ನೆತ್ತಿಗೆ ಒಂದು ಮುತ್ತು, ನಿನಗೆ ಎರಡು.

ನಿನ್ನನ್ನು ಕತ್ತಲಲ್ಲೇ ಬೆಳೆಸಿದ,
ಅಮ್ಮ

ತಾ.ಕ.: ಮೇಜಿನ ನಾಲ್ಕೂ ಕಾಲು ಸರಿಯಾಗಿವೆ. ನಾನು ಹಿಂದಿನ ಬಸ್ಸಿನಲ್ಲಿರಲಿಲ್ಲ, ಅದೇ ಬಸ್ಸಿನಲ್ಲಿದ್ದೆ. ಬಲಗೈಗೆ ಮೊಣಕೈವರೆಗೆ ಪಟ್ಟಿ ಹಾಕಿದ್ದಾರೆ. ಐದೂ ಬೆರಳು ಜಾಗದಲ್ಲಿವೆ, ಎಣಿಸಿಕೊಂಡಿದ್ದೇನೆ. ಇದೆಲ್ಲ ಎಡಗೈಯ ಅಕ್ಷರ. ಸ್ವಿಚ್ಚಿಗೆ ಎಡಗೈ ಸಾಕು. ಇವತ್ತು ಆರು ಹತ್ತಕ್ಕೆ ಗುಬ್ಬಿಯನ್ನು ಎತ್ತಿಕೊಂಡು ಬಲ್ಬಿನ ಕೆಳಗೆ ನಿಂತುಕೋ. ದೀಪ ಹೋದ ಕೂಡಲೇ ಆಕೆಗೂ ಹೇಳಿಕೊಡು, ಅಜ್ಜಿ ತಲುಪಿದ್ಲು ಅಂತ.