ಕನಕಮ್ಮನವರ ಮುಖದ ಬಣ್ಣ

ಚಾಂಪಿಯನ್ ರೀಫ್ಸ್, ಕೆ.ಜಿ.ಎಫ್.
೯ ಫೆಬ್ರವರಿ ೨೦೨೫

ಮಧುಶ್ರೀಗೆ,

ನಿನ್ನ ಮೆಸೇಜು ಬಂತು. ಫೋಟೋ ಮುದ್ರಿಸಲೆಂದೇ ಮಾರುವ ಆ ಸಾಫ್ಟ್‌ವೇರ್ ಕೊಳ್ಳಲೇ, ಬೇಡವೇ ಎಂದು ಕೇಳಿದ್ದೀಯ. ನೀನು ಮನೆ ಬಿಟ್ಟ ಎರಡು ವರ್ಷದಲ್ಲಿ ನನ್ನನ್ನು ಕೇಳಿದ ಮೊದಲ ಮಾತು ಇದು. ಫೋನಿನಲ್ಲಿ ನಮ್ಮ ಮಾತು ಬೇಗ ಜಗಳಕ್ಕೆ ತಿರುಗುತ್ತದೆ, ಅದಕ್ಕೇ ಕಾಗದ.

ನಾನು ಅದನ್ನು ಕೊಂಡಿದ್ದೇನೆ. ಕಾರಣ, ನಮ್ಮ ಲೈನಿನ ಕೊನೆಯ ಮನೆಯ ಮುನಿಸ್ವಾಮಪ್ಪ, ಗಣಿಯಲ್ಲಿದ್ದವರು. ಹೆಂಡತಿ ಕನಕಮ್ಮ ತೀರಿಕೊಂಡಾಗ, ನಾನು ಹಿಂದೆ ತೆಗೆದಿದ್ದ ಅವರ ಫೋಟೋವನ್ನು ದೊಡ್ಡದು ಮಾಡಿಕೊಡಲು ಕೇಳಿದರು. ಕಂಪ್ಯೂಟರಿನಲ್ಲಿ ಚೆನ್ನಾಗಿತ್ತು, ಹಾಳೆಯ ಮೇಲೆ ಮುಖ ಕೆಂಪಾಗಿ ಬಂತು. ಅವರು ಬಹಳ ಹೊತ್ತು ನೋಡಿದರು.

"ನಮ್ ಕನಕ ಇಷ್ಟು ಕೆಂಪಗಿರ್ಲಿಲ್ಲ ಕಣಪ್ಪ. ಬೇರೆ ಯಾರ್ನೋ ನೋಡ್ದಂಗಾಯ್ತದೆ," ಅಂದರು.

ನನಗೆ ಅವಮಾನವಾಯಿತು. ಸಂಬಳದ ಕಾಲು ಭಾಗ ಕೊಟ್ಟು ಸಾಫ್ಟ್‌ವೇರ್ ಹಾಕಿಸಿಕೊಂಡೆ. ಮತ್ತೆ ಅದೇ ಕೆಂಪು. ಮೂರು ಹಾಳೆ ಹಾಳಾದ ಮೇಲೆ, ನನ್ನ ಜೊತೆ ಫ್ಯಾಕ್ಟರಿಯಲ್ಲಿರುವ ನವ್ಯ ಬಂದು ನೋಡಿದಳು. ಬಣ್ಣವನ್ನು ಕಂಪ್ಯೂಟರೂ ತಿದ್ದುತ್ತಿತ್ತು, ಪ್ರಿಂಟರೂ ತಿದ್ದುತ್ತಿತ್ತು; ಎರಡು ಸಲ ತಿದ್ದಿ ಕೆಂಪೇರುತ್ತಿತ್ತು. ಅವಳು ಪ್ರಿಂಟರಿನದನ್ನು ನಿಲ್ಲಿಸಿದಳು, ಅಷ್ಟೇ.

"ಇದಕ್ಯಾಕ್ ಸಾರ್ ಅಷ್ಟೊಂದ್ ದುಡ್ ಕೊಟ್ರಿ?" ಎಂದು ನಕ್ಕಳು.

ಹೊಸ ಚಿತ್ರ ಕೈಗೆ ಬಂದಾಗ ಮುನಿಸ್ವಾಮಪ್ಪ, "ಇವ್ಳೇ ಕಣಪ್ಪ," ಎಂದು ಜಗುಲಿಯ ಮೇಲೆ ಕೂತುಬಿಟ್ಟರು.

ಹಾಳೆಯ ಒಂದೇ ರೋಲಿನಲ್ಲಿ ದಿನಕ್ಕೆ ಹತ್ತಾರು ಚಿತ್ರ ಜೋಡಿಸುವ ಅಂಗಡಿಯವರಿಗೆ ಆ ಸಾಫ್ಟ್‌ವೇರಿನಿಂದ ಹಾಳೆ ಉಳಿಯುತ್ತದೆ. ತಿಂಗಳಿಗೆ ನಾಲ್ಕಾರು ಚಿತ್ರ ಮುದ್ರಿಸುವ ನಮ್ಮಂಥವರಿಗೆ ಬೇಡ. ಹಾಳೆಗೆ ಹೊಂದುವ ಬಣ್ಣದ ಫೈಲನ್ನು ಹಾಳೆ ಮಾರುವ ಕಂಪನಿಯೇ ಬಿಟ್ಟಿ ಕೊಡುತ್ತದೆ, ಅದನ್ನು ಕಂಪ್ಯೂಟರಿಗೆ ಹಾಕಿಕೊಂಡು, ಪ್ರಿಂಟರ್ ಬಣ್ಣ ತಿದ್ದುವುದನ್ನು ನಿಲ್ಲಿಸು. ಆ ದುಡ್ಡಿಗೆ ಒಳ್ಳೆಯ ಹಾಳೆ ತಗೊ.

ಇನ್ನೊಂದು ವಿಷಯ. ಬಂಗಾರಪೇಟೆಯ ಫೋಟೋ ಪ್ರದರ್ಶನಕ್ಕೆ ನೀನು ಮುದ್ರಿಸಿದ ಹನ್ನೆರಡು ಚಿತ್ರಗಳೂ ಹೀಗೇ ಕೆಂಪಾಗಿದ್ದವು. ನಿನಗೆ ಬಣ್ಣ ನೋಡುವ ಕಣ್ಣೇ ಇಲ್ಲ ಎಂದು ನಿನ್ನ ತಾಯಿ ಅಶ್ವತ್ಥಮ್ಮನವರ ಎದುರಿಗೇ ನಾನು ಅಂದೆ. ನೀನು ಒಂದನ್ನೂ ಗೋಡೆಗೆ ಹಾಕದೆ ವಾಪಸು ತಂದೆ. ಮುಂದಿನ ವಾರ ತವರಿಗೆ ಹೋದೆ. ಆಗಲೂ ಇದೇ ಪ್ರಿಂಟರ್. ಅದನ್ನು ತಪ್ಪಾಗಿ ಹೊಂದಿಸಿದ್ದವನು ನಾನು. ನಿನ್ನ ಕಣ್ಣು ಸರಿಯಾಗಿತ್ತು.

ಅಮ್ಮನವರ ಮಂಡಿನೋವು ಈಗ ಹೇಗಿದೆ?

ಶಿವಪ್ರಸಾದ್

ವಿ.ಸೂ.: ಕನಕಮ್ಮನವರ ಚಿತ್ರ ಸರಿಹೋಗಿ ಎಂಟು ತಿಂಗಳಾಯಿತು. ನಿನ್ನ ತಪ್ಪಲ್ಲ ಎಂದು ನನಗೆ ಅವತ್ತೇ ಗೊತ್ತಾಯಿತು. ನೀನಾಗಿ ಕೇಳದಿದ್ದರೆ ಇದನ್ನು ಬರೆಯುತ್ತಿದ್ದೆನೆಂದು ಹೇಳಲಾರೆ.