ಹೆಜ್ಜೇನ ಹಳ್ಳಕ್ಕೆ ಒಯ್ದ ಪುಟ್ಟ ಕ್ಯಾಮೆರಾ

ಕಲ್ಲಹೊಲ, ತುಂಗಭದ್ರೆಯ ಎಡದಂಡೆ
ನವೆಂಬರ್ 31, 2287

ಮೊದಲ ಕ್ಯಾಮೆರಾ ಕೊಳ್ಳಬೇಕೆಂದು ಹೊರಟಿರುವ, ಇನ್ನೂರೈವತ್ತು ವರ್ಷ ಹಿಂದಿನ, ಹೆಸರು ತಿಳಿಯದ ಹಿರಿಯರೇ,

ತಾರೀಖು ತಪ್ಪಿಲ್ಲ. ಹಿಂಗಾರು ಮಳೆ ಮುಗಿಯುವುದು ತಡವಾಗುತ್ತಿದೆಯೆಂದು ನಮ್ಮ ಅಜ್ಜಂದಿರ ಕಾಲದಲ್ಲಿ ಜನವರಿಯಿಂದ ಒಂದು ದಿನ ಕಿತ್ತು ನವೆಂಬರಿಗೆ ಸೇರಿಸಿದರು. ಆ ದಿನ ಯಾರೂ ಕೆಲಸ ಮಾಡುವುದಿಲ್ಲ. ಕೆರೆ ನೋಡಲು ಹೋಗುತ್ತಾರೆ, ಇಲ್ಲವೇ ಕಾಗದ ಬರೆಯುತ್ತಾರೆ. ನಿಮ್ಮ ಕಾಲದ ಬರವಣಿಗೆಯ ಧಾಟಿಯನ್ನು ನಾನು ಹಳೆಯ ಕಡತಗಳಿಂದ ಕಲಿತವಳು. ನಡುನಡುವೆ ನಮ್ಮ ಮಾತುಗಳು ನುಸುಳಿ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ನುಸುಳಿದಲ್ಲಿ ಅರ್ಥ ಹೇಳುತ್ತೇನೆ.

ನನ್ನ ಹೆಸರು ಪಂಪಾವತಿ ಬೂದಿಹಾಳ. ವಯಸ್ಸು ಐವತ್ತೇಳು. ಕಸುಬಿನಲ್ಲಿ ನೀರಳೆಗಾರ್ತಿ, ಅಂದರೆ ದಿನವೂ ಕೆರೆಗಳ ಮಟ್ಟ ಅಳೆದು, ನೀರನ್ನು ಒಂದು ಗುಟುಕು ಕುಡಿದು ನೋಡಿ, ಪುಸ್ತಕದಲ್ಲಿ ಬರೆಯುವವಳು. ಹೆಜ್ಜೇನ ಹಳ್ಳದ ಏಳು ಕೆರೆಗಳ ಪೈಕಿ ಕೊನೆಯ ಮೂರು ನನ್ನ ಪಾಲಿಗೆ ಬಂದು ಮೂವತ್ತು ವರ್ಷವಾಯಿತು. ಏಳನೆಯ ಕೆರೆಯ ಏರಿಯ ಕೆಳಗೇ ನಮ್ಮ ಕಲ್ಲಹೊಲ, ನಲವತ್ತು ಮನೆಗಳ ಊರು. ನಮ್ಮ ಮನೆಗಳ ಗೋಡೆಗಳು ನಾವು ಕೇಳಿದ ನೋಟವನ್ನೆಲ್ಲ ತೋರಿಸುತ್ತವೆ. ಹಿಮಾಲಯ ಎಂದರೆ ಹಿಮಾಲಯ, ಕಡಲು ಎಂದರೆ ಕಡಲು. ಅವು ಯಾರೂ ಕಣ್ಣಾರೆ ಕಂಡು ತೆಗೆದವಲ್ಲ. ಯಂತ್ರ ಕೂತಲ್ಲೇ ಹೆಣೆದವು. ಅವನ್ನು ನಾವು ಹೆಣೆಚಿತ್ರ ಎನ್ನುತ್ತೇವೆ. ಹಪ್ಪಳ ಒಣಗಿಸುತ್ತಾ ಅವನ್ನು ನೋಡುತ್ತೇವೆ, ಸಂತೋಷಪಡುತ್ತೇವೆ, ನಂಬುವುದಿಲ್ಲ. ಒಬ್ಬ ಮನುಷ್ಯ ಆ ಜಾಗದಲ್ಲಿ ನಿಂತು, ಗಾಜಿನ ಲೆನ್ಸಿನ ಮೂಲಕ ನಿಜವಾದ ಬೆಳಕನ್ನು ಒಳಕ್ಕೆ ಬಿಟ್ಟು ತೆಗೆದದ್ದಕ್ಕೆ ಕಂಡಚಿತ್ರ ಎಂದು ಹೆಸರು. ಅದಕ್ಕೆ ನಿಮ್ಮ ಕಾಲದ ಡಿಜಿಟಲ್ ಕ್ಯಾಮೆರಾವೇ ಆಗಬೇಕು. ಏಕೆಂದರೆ ಅದು ಚಿತ್ರದ ಜೊತೆಗೆ, ಯಾರೂ ಕೈಯಾಡಿಸದ ಹಸಿ ಕಡತವೊಂದನ್ನು ಬಿಟ್ಟುಕೊಡುತ್ತದೆ. ನೀವು ಅದನ್ನು ರಾ ಎನ್ನುತ್ತಿದ್ದಿರಂತೆ.

ಹೋದ ವರ್ಷದ ಮುಂಗಾರಿನಲ್ಲಿ ನೆಲಸಭೆಯಿಂದ ನಮ್ಮೂರಿಗೆ ಒಂದು ಓಲೆ ಬಂತು. ಯಾವ ನೆಲವನ್ನು ಯಾವುದಕ್ಕೆ ಬಳಸಬೇಕೆಂದು ತೀರ್ಮಾನಿಸುವ ಸಭೆ ಅದು. ಹೆಜ್ಜೇನ ಹಳ್ಳ ನಾಲ್ಕನೆಯ ಕೆರೆ ದಾಟಿ ಬಂಡೆಗಳ ರಾಶಿಯೊಳಗೆ ಹೊಕ್ಕು ಅಲ್ಲೇ ಸಾಯುತ್ತದೆ, ಕೆಳಗಿನ ಮೂರು ಕೆರೆಗಳದ್ದು ಬರಿಯ ಮಳೆನೀರು, ಆದ್ದರಿಂದ ಅವನ್ನು ಮುಚ್ಚಿ ಬಿಸಿಲುಹಾಸು ಹಾಸಬಹುದು ಎಂದು ಅದರಲ್ಲಿತ್ತು. ಬಿಸಿಲುಹಾಸು ಎಂದರೆ ಸೂರ್ಯನಿಂದ ವಿದ್ಯುತ್ತು ಹೀರುವ ಕಪ್ಪು ಹಾಳೆ. ನಲವತ್ತು ಮನೆಗಳು ಬೇರೆಡೆಗೆ ಹೋಗಬೇಕಿತ್ತು. ನಾನು ಸಭೆಗೆ ಹೋಗಿ, ಮೇಲಿನ ಕೆರೆ ಕೆಂಪಾದ ಮರುದಿನ ಕೆಳಗಿನ ಕೆರೆಯೂ ಕೆಂಪಾಗುತ್ತದೆ, ಎರಡರ ರುಚಿಯೂ ಒಂದೇ ಎಂದು ಹೇಳಿದೆ. ನಕ್ಷೆ ವಿಭಾಗದ ಮುಖ್ಯಸ್ಥರು ಇಂದುಧರ ಕಲ್ಮಠ ಎಂಬ ತೆಳ್ಳಗಿನ, ಮೃದುಮಾತಿನ ಮನುಷ್ಯ. ಅವರು ಕೊನೆಯವರೆಗೂ ಕೇಳಿಸಿಕೊಂಡರು.

"ನಿಮ್ಮ ಮಾತು ನಾನು ನಂಬ್ತೀನಿ, ಅಮ್ಮಾ," ಎಂದರು. "ಆದ್ರೆ ನನ್ನ ನಂಬಿಕೆ ಕಡತದಾಗ ಕೂಡೂದಿಲ್ಲ. ಬಂಡೆ ಕೆಳಗ ನೀರು ಹರೀತದ ಅನ್ನೂದಕ್ಕ ಕಂಡಚಿತ್ರ ತಗೊಂಡು ಬರ್ರಿ. ಹಿಂಗಾರು ಮುಗಿಯೂತನಕ ಕಾಯ್ತೀನಿ."

ಹಳ್ಳಕ್ಕೆ ಬಣ್ಣ ಬೆರೆಸಿ ತೋರಿಸೋಣವೆಂದರೆ ಹರಿಯುವ ನೀರಿಗೆ ಏನನ್ನು ಬೆರೆಸುವುದೂ ನಮ್ಮಲ್ಲಿ ಅಪರಾಧ. ನಾನಾದರೋ ಆವರೆಗೆ ಒಂದು ಚಿತ್ರವನ್ನೂ ತೆಗೆದವಳಲ್ಲ.

ಮೂರುಬಾವಿ ಪಟ್ಟಣದಲ್ಲಿ ಮೌಲಾಸಾಬ ಗಡಿಯಾರದ ಎಂಬವರ ಅಂಗಡಿಯಿದೆ. ಹಳೆಯ ಕ್ಯಾಮೆರಾಗಳ ಹೊಟ್ಟೆ ಬಿಚ್ಚಿ, ಸವೆದದ್ದನ್ನು ಹೊಸದಾಗಿ ಮಾಡಿ ಕೂರಿಸಿ, ಮತ್ತೆ ಜೀವ ಬರಿಸುವವರು ನಮ್ಮ ಸೀಮೆಯಲ್ಲಿ ಅವರೊಬ್ಬರೇ. ನಾನು ಹೋದವಳೇ ಗಾಜಿನ ಕಪಾಟಿನಲ್ಲಿದ್ದ ಅತಿ ದೊಡ್ಡದರ ಕಡೆ ಬೆರಳು ತೋರಿಸಿದೆ. ಕುಂಬಳಕಾಯಿಯಷ್ಟು ದಪ್ಪದ ದೇಹ, ಮೊಳದುದ್ದದ ಲೆನ್ಸು. ಅದರಲ್ಲಿ ಎಷ್ಟು ಕೋಟಿ ಪಿಕ್ಸೆಲ್ ಚುಕ್ಕಿಗಳಿವೆ ಎಂದೂ ಕೇಳಿದೆ. ಯಾರೋ ಹಾಗೆ ಕೇಳಬೇಕೆಂದು ಹೇಳಿಕೊಟ್ಟಿದ್ದರು.

ಮೌಲಾಸಾಬರು ಎದ್ದು ಅಂಗಡಿಯ ಹಿಂದಕ್ಕೆ ಹೋದರು. ಆ ಕ್ಯಾಮೆರಾ, ಮೂರು ಲೆನ್ಸು ಮತ್ತು ಅದನ್ನು ನಿಲ್ಲಿಸುವ ಕಬ್ಬಿಣದ ಮುಕ್ಕಾಲಿ ಸೇರಿದರೆ ಎಷ್ಟಾಗುತ್ತದೋ ಅಷ್ಟೇ ತೂಕದ ಕಲ್ಲುಗಳನ್ನು ಒಂದು ಚೀಲಕ್ಕೆ ತುಂಬಿ ನನ್ನ ಹೆಗಲಿಗೇರಿಸಿದರು.

"ಆ ನೀರಿನ ಗೋಪುರ ಕಾಣ್ತದಲ್ಲ, ಅದನ್ನ ಹತ್ತಿ ಇಳದು ಬರ್ರಿ. ಆಮ್ಯಾಲ ಮಾತಾಡೋಣು."

ಇನ್ನೂರು ಮೆಟ್ಟಿಲು. ಬೆವರು ಸುರಿಸಿಕೊಂಡು ವಾಪಸ್ಸು ಬಂದು ಅಂಗಡಿಯ ಕಟ್ಟೆಯ ಮೇಲೆ ಕುಸಿದೆ.

"ಗೋಪುರದ ಮ್ಯಾಲಿಂದ ಏನೇನ್ ಕಂಡ್ರಿ?" ಎಂದು ಕೇಳಿದರು.

"ಏನೂ ನೋಡಲಿಲ್ರೀ. ಹೆಗಲು ಕಿತ್ತು ಬರಾಕ ಹತ್ತಿತ್ತು."

"ಹಂಗಾದ್ರ ಚಿತ್ರ ಯಾರು ತೆಗೀತಾರ್ರೀ, ಚೀಲ ತೆಗೀತದೇನು?"

ಆಮೇಲೆ ಎರಡು ಚಿತ್ರಗಳನ್ನು ತಂದು ಮುಂದಿಟ್ಟರು. ಎರಡೂ ಒಂದೇ ಹೊಲದ್ದು. ಮೊದಲನೆಯದರಲ್ಲಿ ಇಬ್ಬನಿಯ ಮೇಲೆ ಎಳೆಬಿಸಿಲು ಓರೆಯಾಗಿ ಬಿದ್ದಿತ್ತು. ಇನ್ನೊಂದು ನಡುಹಗಲಿನದು, ಸಪ್ಪೆ. ಮೊದಲನೆಯದೇ ದೊಡ್ಡ ಕ್ಯಾಮೆರಾದ್ದೆಂದು ನಾನು ಧೈರ್ಯವಾಗಿ ಹೇಳಿದೆ. ಅದು ಅಂಗೈಗಲದ ಕ್ಯಾಮೆರಾದ್ದಾಗಿತ್ತು. ಆ ಪುಟ್ಟದ್ದನ್ನು ಅವರು ನನ್ನ ಕೈಗಿಟ್ಟು, ಕಣ್ಣು ಮುಚ್ಚಿಸಿ, ಗುಂಡಿಗಳನ್ನು ಬೆರಳಿನಿಂದಲೇ ಹುಡುಕಿಸಿದರು. ಮೂರು ಬೇರೆ ಬೇರೆ ಕ್ಯಾಮೆರಾಗಳ ಮೇಲೆ ಈ ಪರೀಕ್ಷೆ ನಡೆಯಿತು. ಒಂದರ ಗುಂಡಿಗಳು ನನ್ನ ದಪ್ಪ ಬೆರಳಿಗೆ ಎರಡೆರಡಾಗಿ ಒತ್ತಿಕೊಳ್ಳುತ್ತಿದ್ದವು. ಒಂದಕ್ಕೆ ತುಂತುರು ಹನಿ ತಾಗಿದರೆ ಜ್ವರ ಬರುತ್ತಿತ್ತಂತೆ. ಉಳಿದದ್ದು ಒಳಗೆ ಕನ್ನಡಿಯಿಲ್ಲದ್ದರಿಂದ ಹಗುರವಾದ, ಮಳೆ ತಡೆಯುವ, ಕೈಯಲ್ಲಿ ಚೆಂಬಿನಂತೆ ಕೂರುವ ಒಂದು. ನಾನು ಆರಿಸಿದ್ದು ಅದನ್ನೇ.

ಅದಕ್ಕೆ ಅಗಲ ನೋಟದಿಂದ ನಡುನೋಟದವರೆಗೆ ಹೋಗುವ ಒಂದು ಜೂಮ್ ಲೆನ್ಸು, ಬೆತ್ತದಷ್ಟು ಹಗುರದ ಮುಕ್ಕಾಲಿ, ಮೂರು ಬ್ಯಾಟರಿ, ಎರಡು ಕಾರ್ಡು, ಒಂದು ಮೆತ್ತನೆಯ ಬಟ್ಟೆ. ಸಾಕೆಂದು ನಾನು ಏಳುವಷ್ಟರಲ್ಲಿ ಮೌಲಾಸಾಬರು ಲಿಂಬೆಹಣ್ಣಿನಷ್ಟು ಚಿಕ್ಕ ಲೆನ್ಸೊಂದನ್ನು ಚೀಲಕ್ಕೆ ಹಾಕಿದರು. ಅದು ಹಿಂದೆ ಮುಂದೆ ಸರಿಯುವುದಿಲ್ಲ, ಒಂದೇ ಅಗಲ. ಆದರೆ ಬಾಯಿ ದೊಡ್ಡದು, ಬೆಳಕನ್ನು ಹೆಚ್ಚು ಕುಡಿಯುತ್ತದೆ. ನನಗೆ ಬೇಡವೆಂದೆ.

"ಬಂಡೆ ಸಂದಿಗೆ ಹೊಂಟೀರಿ," ಎಂದರು ಅವರು. "ಅಲ್ಲಿ ಬೆಳಕು ನಿಮ್ಮ ಮಾತು ಕೇಳೂದಿಲ್ಲ. ಇರ್ಲಿ."

ಎಲ್ಲ ಸೇರಿ ಮೂರು ಕಿಲೋ ಒಳಗೇ ಇತ್ತು. ಮುಂದಿನ ಇಪ್ಪತ್ತು ದಿನ ಅವರು ನನ್ನನ್ನು ಹೊರಡಲು ಬಿಡಲಿಲ್ಲ. ಬೆಳಗೂ ಸಂಜೆಯೂ ನಮ್ಮೂರಿನ ಏರಿಯ ಮೇಲೆಯೇ ಚಿತ್ರ ತೆಗೆದು ತೋರಿಸಬೇಕಿತ್ತು. ಮೊದಲ ವಾರ ಕೆರೆಯೆಲ್ಲ ಒಂದು ಕಡೆಗೆ ಚೆಲ್ಲುವಂತೆ ವಾಲಿಕೊಂಡಿತ್ತು. ಎರಡನೆಯ ವಾರ ಆಕಾಶ ಸುಣ್ಣ ಬಳಿದಂತೆ ಬೆಳ್ಳಗೆ ಸುಟ್ಟುಹೋಯಿತು. ಹತ್ತೊಂಬತ್ತನೆಯ ದಿನ ಒಂದು ಚಿತ್ರ ನೋಡಿ ಅವರು ಸುಮ್ಮನೆ ಚಹಾ ತರಿಸಿದರು. ಹೊರಡಬಹುದೆಂದು ನನಗೆ ಅರ್ಥವಾಯಿತು.

ಹಳ್ಳದ ಉದ್ದ ಐವತ್ತು ಕಿಲೋಮೀಟರು. ಮೂಲದಿಂದ ನಮ್ಮೂರಿನವರೆಗೆ ನೆರಳುದಾರಿಯಿದೆ, ಎರಡೂ ಕಡೆ ಹೊಂಗೆ ಬೇವು ನೆಟ್ಟ ಕಾಲುದಾರಿ. ಹತ್ತು ಕಿಲೋಮೀಟರಿಗೊಂದು ನಡೆಮನೆ. ನಡೆದು ಬಂದವರಿಗೆ ಅಲ್ಲಿ ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ ಸಿಗುತ್ತದೆ. ಯಾರು, ಯಾಕೆ ಎಂದು ಯಾರೂ ಕೇಳುವುದಿಲ್ಲ. ಹೆಜ್ಜೇನು ಕಟ್ಟುವ ಕಡಿದಾದ ಬಂಡೆಯ ಕೆಳಗೆ ಹಳ್ಳ ಹುಟ್ಟುವುದನ್ನು ನಾನು ಮೊದಲ ಸಲ ಕಂಡೆ. ಮೂವತ್ತು ವರ್ಷ ರುಚಿ ನೋಡಿದ ನೀರು ಬೆರಳು ದಪ್ಪದ ಎಳೆಯಾಗಿ ಕಲ್ಲಿನಿಂದ ಜಿನುಗುತ್ತಿತ್ತು. ಸೂರ್ಯ ಹುಟ್ಟುವ ಮೊದಲೇ ಎದ್ದು ನಡೆದೆ, ನಿಂತೆ, ಕಾದೆ, ತೆಗೆದೆ. ಚೀಲ ಹಗುರವಾಗಿದ್ದದ್ದರಿಂದ ಚೆನ್ನಾಗಿ ಕಾಣುವ ದಿಬ್ಬವನ್ನೆಲ್ಲ ಹತ್ತಿದೆ. ನನ್ನ ವಯಸ್ಸಿನಲ್ಲಿ ಇಂಥ ಹಿಗ್ಗು ಹೊಸದಾಗಿ ಹುಟ್ಟಬಹುದೆಂದು ನನಗೆ ಗೊತ್ತಿರಲಿಲ್ಲ.

ನಾಲ್ಕನೆಯ ಕೆರೆಯಿಂದ ಕೆಳಗೆ ಆನೆಗಾತ್ರದ ಬಂಡೆಗಳು ಒಂದರ ಮೇಲೊಂದು ಬಿದ್ದು ಅರ್ಧ ಮೈಲಿಯುದ್ದ ಹರಡಿವೆ. ಹಳ್ಳ ಅವುಗಳ ಬುಡಕ್ಕೆ ಹೊಕ್ಕು ಕಾಣದಾಗುತ್ತದೆ. ಆ ಬಾಯಿಯ ಬಳಿ ಬೆರಳುದ್ದದ, ಕೆಂಪು ಬಾಲದ ಮೀನುಗಳು ಕತ್ತಲಿನಿಂದ ಮೇಲ್ಮುಖವಾಗಿ ಬರುತ್ತಿದ್ದವು. ಅವನ್ನು ತೆಗೆದುಕೊಂಡೆ. ಅದೇ ಮೀನುಗಳು ಐದನೆಯ ಕೆರೆಯ ಮೇಲಿನ ಬಾಯಿಯಲ್ಲಿ ಒಳಕ್ಕೆ ಹೋಗುವುದನ್ನು ಅದೇ ದಿನ ಮಧ್ಯಾಹ್ನ ತೆಗೆದೆ. ಆದರೆ ನಡುವಿನ ಅರ್ಧ ಮೈಲಿ ಖಾಲಿಯಾಗಿ ಉಳಿಯಿತು. ಎರಡು ದಿನ ಬಂಡೆಗಳ ಮೇಲೆ ತೆವಳಿದರೂ ಒಳಗಿಳಿಯಲು ಒಂದು ಸಂದಿ ಸಿಗಲಿಲ್ಲ. ಮೂರನೆಯ ಬೆಳಿಗ್ಗೆ ಹುಲಿಗೆಮ್ಮ ಸಿಕ್ಕಳು. ಎಪ್ಪತ್ತು ದಾಟಿದವಳು, ಆ ಬಂಡೆಗಳಲ್ಲೇ ಆಡು ಮೇಯಿಸುವವಳು. ನನ್ನ ಕ್ಯಾಮೆರಾವನ್ನು ಬಹಳ ಹೊತ್ತು ನೋಡಿದಳು.

"ನೀರು ಕುಡಿಯೂದು ಬಿಟ್ಟು ನೀರಿನ ಚಿತ್ರ ತೆಗೀತಿಯೇನವ್ವಾ?"

ನಾನು ವಿಷಯ ಹೇಳಿದೆ. ಅವಳು ಕೋಲು ಊರಿ ಎದ್ದಳು.

"ಆಡು ಬಿದ್ದಾಗ ಇಳೀತೀನಲ್ಲ, ಆ ಸಂದ್ಯಾಗ ನೀರು ಐತಿ. ಸೂರ್ಯ ನೆತ್ತಿಗೆ ಬಂದಾಗಷ್ಟ ಒಂದೀಟು ಬೆಳಕು ಬೀಳ್ತೈತಿ. ಬಾ. ಆದ್ರ ಆ ಮುಕ್ಕಾಲು ಗಳ ಒಳಗ ಹಿಡಿಸೂದು ಸುಳ್ಳು ನೋಡು."

ಸಂದಿ ನನ್ನ ಭುಜದಷ್ಟೇ ಅಗಲ. ಹುಲಿಗೆಮ್ಮ ಮೊದಲು ಇಳಿದು ನನ್ನ ಪಾದಗಳನ್ನು ಒಂದೊಂದೇ ಕಲ್ಲಿನ ಮೇಲಿಟ್ಟಳು. ಮುಕ್ಕಾಲಿಯನ್ನು ಮಡಿಸಿ, ಸೀರೆಯ ಸೆರಗಿಗೆ ಕಟ್ಟಿ ಇಳಿಸಿದೆ. ಕೆಳಗೆ ತಣ್ಣನೆಯ ಕತ್ತಲು, ಕಾಲಬುಡದಲ್ಲೇ ನೀರಿನ ಸದ್ದು. ಸೂರ್ಯ ನೆತ್ತಿಗೆ ಬಂದಾಗ ಒಂದು ಕೋಲಿನಷ್ಟು ಬೆಳಕು ನೀರಿನ ಮೇಲೆ ಬಿತ್ತು. ಮುಕ್ಕಾಲಿಯ ಕಾಲುಗಳನ್ನು ಹೇಗೋ ಚಾಚಿ ನಿಲ್ಲಿಸಿ, ಕಲಿತಂತೆ ಮೂವತ್ತು ಸೆಕೆಂಡು ಕ್ಯಾಮೆರಾವನ್ನು ಬೆಳಕಿಗೆ ತೆರೆದಿಟ್ಟೆ. ಬಂದ ಚಿತ್ರವನ್ನು ಹಿಂಬದಿಯ ಪರದೆಯಲ್ಲಿ ನೋಡಿದೆ. ನೀರು ಹಾಲಿನ ಹೊಗೆಯಂತೆ, ಬಂಡೆ ಬೆಳ್ಳಿಯಂತೆ. ನಾನು ತೆಗೆದವುಗಳಲ್ಲೇ ಚೆಲುವಾದದ್ದು. ಆದರೆ ಅಷ್ಟು ದೀರ್ಘ ಹೊತ್ತಿನಲ್ಲಿ ಈಜಿ ಹೋದ ಮೀನುಗಳೆಲ್ಲ ಅಳಿಸಿಹೋಗಿದ್ದವು. ಅದು ಹೆಣೆಚಿತ್ರದಷ್ಟೇ ಚೆಂದ, ಆದರೆ ಇದು ಅದೇ ಹಳ್ಳದ ನೀರೆಂದು ಕಲ್ಮಠರಿಗೆ ತೋರಿಸಲು ಮೀನು ಬೇಕಿತ್ತು.

ಬೆಳಕಿನ ಕೋಲು ಸರಿಯತೊಡಗಿತ್ತು. ನಾನು ಜೂಮ್ ಲೆನ್ಸು ಬಿಚ್ಚಿ, ಹುಲಿಗೆಮ್ಮನ ಅಂಗೈ ಮೇಲಿಟ್ಟು, ಆ ಲಿಂಬೆಹಣ್ಣಿನಂಥದನ್ನು ಹಾಕಿದೆ. ಅದರ ಬಾಯಿ ಪೂರ್ತಿ ತೆರೆದೆ. ಕ್ಯಾಮೆರಾ ಬೆಳಕಿಗೆ ತೋರುವ ಸೂಕ್ಷ್ಮತೆಯನ್ನು ಮೌಲಾಸಾಬರು ಹೋಗಬೇಡಿ ಎಂದಿದ್ದ ಗೆರೆಯಾಚೆಗೂ ಏರಿಸಿದೆ. ಮುಕ್ಕಾಲಿ ಬಿಟ್ಟು, ಬಂಡೆಗೆ ಮೊಣಕೈ ಒತ್ತಿ, ಉಸಿರು ಹಿಡಿದು ಕಾದೆ.

"ಬಂದ್ವು, ಬಂದ್ವು! ಒತ್ತು!" ಎಂದಳು ಹುಲಿಗೆಮ್ಮ.

ಒತ್ತಿದೆ. ಮೂರು ಸಲ. ಮೂರನೆಯದು ಆಗುವಷ್ಟರಲ್ಲಿ ಬೆಳಕು ಹೊರಟುಹೋಯಿತು. ಚಿತ್ರ ಜೋಳದ ಹಿಟ್ಟು ಚೆಲ್ಲಿದಂತೆ ಕಾಳುಕಾಳಾಗಿತ್ತು. ಅದರ ನಡುವೆ ಹನ್ನೊಂದು ಮೀನು, ಮೂತಿಯೆಲ್ಲ ಮೇಲ್ದಿಕ್ಕಿಗೆ, ಹನ್ನೊಂದು ಕೆಂಪು ಬಾಲ. ಹುಲಿಗೆಮ್ಮ ಹಿಂಬದಿಯ ಪರದೆಯ ಮೇಲೆ ಬೆರಳಿಟ್ಟು ಎಣಿಸಿದಳು. ಎರಡು ಸಲ ಎಣಿಸಿ, ಬಂಡೆಯ ಒಳಗೆಲ್ಲ ಮೊಳಗುವಂತೆ ನಕ್ಕಳು.

ನೆಲಸಭೆಯಲ್ಲಿ ಇಂದುಧರ ಕಲ್ಮಠರು ಮೂರು ಜಾಗದ ಚಿತ್ರಗಳನ್ನು ಸಾಲಾಗಿ ಇಟ್ಟುಕೊಂಡು ಕೂತರು. ನಡುವಿನದನ್ನು ಕೈಗೆತ್ತಿಕೊಂಡು, "ಇದು ಯಾಕ ಇಷ್ಟು ಒರಟು ಬಂದದ?" ಎಂದರು.

"ಅಲ್ಲಿ ಕತ್ತಲಿತ್ತು ಸರ್," ಎಂದೆ. "ಚಂದಂದೂ ಒಂದೈತಿ. ಅದರಾಗ ಮೀನಿಲ್ಲ."

ಅವರು ಹಸಿ ಕಡತಗಳನ್ನು ಎರಡು ಗಂಟೆ ಜಾಲಾಡಿದರು. ಆಮೇಲೂ ಸಹಿ ಹಾಕಲಿಲ್ಲ. ಮರುದಿನ ತಾವೇ ಬಂದು, ಹುಲಿಗೆಮ್ಮನ ಹಿಂದೆ ಆ ಸಂದಿಗೆ ಇಳಿದರು. ಮೇಲೆ ಬಂದಾಗ ಅವರ ಬಿಳಿ ಅಂಗಿ ಮಣ್ಣಾಗಿತ್ತು, ಮುಖದಲ್ಲಿ ಮಾತ್ರ ಹಬ್ಬವಿತ್ತು. "ನನ್ನ ನಕ್ಷೆ ತಪ್ಪಿತ್ತು," ಎಂದು ಎಲ್ಲರ ಎದುರಿಗೆ ಹೇಳಿ, ಹಳ್ಳದ ಹೆಸರನ್ನು ಜೀವಂತ ನೀರುಗಳ ಪಟ್ಟಿಗೆ ಅಲ್ಲೇ ನಿಂತು ಸೇರಿಸಿದರು. ಬಿಸಿಲುಹಾಸು ಹಳೆಯ ಕಲ್ಲುಗಣಿಗೆ ಹೋಯಿತು. ಕಲ್ಲಹೊಲದಲ್ಲಿ ಆ ದಿನ ಹಲಗೆ ಬಾರಿಸಿದರು, ಹೋಳಿಗೆ ಬೇಯಿಸಿದರು. ನಲವತ್ತು ಮನೆಯವರೂ ಕೆರೆಯ ಮುಂದೆ ನಿಂತು ತಮ್ಮ ಕಂಡಚಿತ್ರ ತೆಗೆಸಿಕೊಳ್ಳಲು ಹಟ ಹಿಡಿದರು. ನನ್ನ ಮೂರೂ ಬ್ಯಾಟರಿ ಮುಗಿದವು. ಎಲ್ಲರೂ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡೇ ಬಂದಿದ್ದಾರೆ. ಒಂದನ್ನೂ ಅಳಿಸುವುದಿಲ್ಲ.

ಇನ್ನು ಈ ಕಾಗದ ಬರೆಯಲು ಕಾರಣ. ನೆಲಸಭೆಯ ವಿಚಾರಣೆಗೆ ಮುಂಚೆ ನಾವು ನಿಮ್ಮ ಕಾಲದ ಚಿತ್ರಗಳ ಉಗ್ರಾಣವನ್ನೆಲ್ಲ ಹುಡುಕಿದೆವು. ಪ್ರಸಿದ್ಧ ಜಲಪಾತಗಳವು ಲಕ್ಷಗಟ್ಟಲೆ ಸಿಕ್ಕವು, ಎಲ್ಲರೂ ಒಂದೇ ಕಟಕಟೆಗೆ ಒರಗಿ ತೆಗೆದವು. ಹೆಜ್ಜೇನ ಹಳ್ಳದ್ದು ಒಂದೂ ಇರಲಿಲ್ಲ. ಪಕ್ಕದಲ್ಲೇ ಹೆದ್ದಾರಿಯಿತ್ತಂತೆ, ಸಾವಿರಾರು ಜನ ಕ್ಯಾಮೆರಾ ಹಿಡಿದು ದಾಟಿಹೋಗಿರಬೇಕು. ನಿಮ್ಮನ್ನು ದೂರುತ್ತಿಲ್ಲ. ನೀವು ಕೊಳ್ಳುವ ಮೊದಲ ಕ್ಯಾಮೆರಾ ನಿಮ್ಮ ಕೈಗೆ ಒಗ್ಗುವಂಥದಿರಲಿ, ಅದನ್ನು ಹೊತ್ತು ನೀವು ನಗುತ್ತಾ ನಡೆಯುವಂತಿರಲಿ. ದೂರದ ದೇಶಗಳಿಗೂ ಹೋಗಿ ಬನ್ನಿ. ಹೋಗುವ ದಾರಿಯಲ್ಲಿ, ಯಾರೂ ಹೊರಳಿ ನೋಡದ ಒಂದು ತೊರೆ, ಒಂದು ಕುರುಚಲು ಗುಡ್ಡ, ಒಂದು ಹುಲ್ಲುಬಯಲು ಕಂಡಾಗ ಗಾಡಿ ನಿಲ್ಲಿಸಿ ಇಳಿಯಿರಿ. ಬೆಳಕು ಚೆನ್ನಾಗಿಲ್ಲದಿದ್ದರೂ ತೆಗೆಯಿರಿ. ಊರಿನ ಹೆಸರು, ದಿನ, ಯಾವ ದಿಕ್ಕಿಗೆ ಮುಖ ಮಾಡಿ ನಿಂತಿದ್ದಿರಿ ಎಂಬುದನ್ನು ಬರೆದಿಡಿ. ನಿಮಗೆ ಅದು ಸಾಧಾರಣ ಚಿತ್ರ. ಇಲ್ಲಿ ಒಂದು ಊರೇ ಅದನ್ನು ಕೈಗೆತ್ತಿಕೊಂಡು, "ನೋಡ್ರೀ, ಇತ್ತು!" ಎಂದು ಕೂಗುತ್ತದೆ.

ನಮಸ್ಕಾರ. ನಡೆದು ನೋಡಿ.

ಇಂತು,
ಪಂಪಾವತಿ ಬೂದಿಹಾಳ
ನೀರಳೆಗಾರ್ತಿ, ಹೆಜ್ಜೇನ ಹಳ್ಳದ ಐದು, ಆರು ಮತ್ತು ಏಳನೆಯ ಕೆರೆ